ಸಾಕ್ಷಿಗೆ ಬಂದ ಖಣ

ನಾನು ಗುಳೇದಗುಡ್ಡದ ಒಂದು ಖಣ. ಖಣ ಎಂದರೆ ಒಂದು ರವಿಕೆಗೆ ಸಾಕಾಗುವಷ್ಟು ಬಟ್ಟೆ, ಅಷ್ಟೇ. ನಮ್ಮ ಸೀಮೆಯಲ್ಲಿ ಬಸುರಿಗೆ, ಬಾಣಂತಿಗೆ, ತವರಿನಿಂದ ಹೊರಟ ಮಗಳಿಗೆ, ಮನೆಗೆ ಬಂದ ಮುತ್ತೈದೆಗೆ ನಮ್ಮನ್ನು ಉಡಿಯಲ್ಲಿಟ್ಟು ಕಳಿಸುತ್ತಾರೆ. ಯಾವ ಮನೆಯ ಟ್ರಂಕು ತೆರೆದರೂ ನಮ್ಮವರು ಹತ್ತಿಪ್ಪತ್ತು ಮಂದಿ ಹೊಲಿಸಿಕೊಳ್ಳದೆ ಮಲಗಿರುತ್ತಾರೆ. ಒಂದು ಮನೆಯವರು ಕೊಟ್ಟದ್ದು ಇನ್ನೊಂದು ಮನೆಗೆ ಹೋಗಿ, ಮೂರನೆಯ ಮನೆಯಿಂದ ತಿರುಗಿ ಮೊದಲಿನ ಮನೆಗೇ ಬರುವುದೂ ಉಂಟು. ಇಷ್ಟು ಸುಲಭವಾಗಿ ಸಿಗುವ ವಸ್ತುವನ್ನು ಯಾರಾದರೂ ಕದಿಯುತ್ತಾರೆಯೇ ಎಂದು ನೀವು ಕೇಳಬಹುದು. ಕೋರ್ಟಿನಲ್ಲಿ ನ್ಯಾಯಾಧೀಶರೂ ಅದನ್ನೇ ಕೇಳಿದರು.

ನಾನು ಹುಟ್ಟಿದ್ದು ಸಂಕಪ್ಪ ಎಂಬ ನೇಕಾರನ ಮಗ್ಗದಲ್ಲಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಅವನು ಲಾಳಿ ಎಸೆಯುತ್ತಿದ್ದ. ಹೆಂಡತಿ ಕಾಳವ್ವ ಪಕ್ಕದಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ದಾಳಿಂಬೆ ಬಣ್ಣದ ಹಾಸು, ಕಪ್ಪು ಹೊಕ್ಕು, ಮೈತುಂಬ ಆನೆಹೆಜ್ಜೆಯ ಬುಟ್ಟಾ, ಎರಡೂ ಕಡೆ ಹಸಿರು ದಡಿ. ಹೀಗೆ ಗೇಣು ಗೇಣಾಗಿ ಬೆಳೆದೆ. ಎಳೆ ಹರಿದರೆ ಸಂಕಪ್ಪ ಮಗ್ಗ ನಿಲ್ಲಿಸಿ, ಬೆರಳು ಒದ್ದೆ ಮಾಡಿಕೊಂಡು, ಗಂಟು ಕಾಣದ ಹಾಗೆ ಕೂಡಿಸುತ್ತಿದ್ದ. ಅವನು ನನ್ನನ್ನು ಪ್ರೀತಿಯಿಂದ ನೇಯ್ದ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆನ್ನುನೋವಿನಲ್ಲಿ ನೇಯ್ದ. ಕಾಳವ್ವ ಖಣದ ರವಿಕೆ ತೊಟ್ಟದ್ದನ್ನು ನಾನಂತೂ ನೋಡಲಿಲ್ಲ. ಆದರೂ ಆ ಮನೆಯಲ್ಲಿ ನನ್ನನ್ನು ಮುಟ್ಟಿದ ಕೈಗಳಿಗೆ ನಾನೇನು ಎಂಬುದು ತಿಳಿದಿತ್ತು. ಮುಂದೆ ನನ್ನನ್ನು ಬಹಳ ಕೈಗಳು ಮುಟ್ಟಿದವು, ಅಳೆದವು, ಕಟ್ಟಿದವು, ಮೊಹರು ಹಾಕಿದವು.

ವ್ಯಾಪಾರಿಯ ಗಂಟಿನಲ್ಲಿ ಒಂದು ತಾಲೂಕು ಊರಿಗೆ ಬಂದೆ. ಊರಿನ ಹೆಸರು ಹೇಳುವುದಿಲ್ಲ. ಬಹಳ ಕಾಲ ಕೋರ್ಟಿನಲ್ಲಿ ಇದ್ದವರಿಗೆ ಯಾವ ಹೆಸರನ್ನು ಎಲ್ಲಿ ಹೇಳಬೇಕು ಎಂಬ ಎಚ್ಚರ ತಾನಾಗಿಯೇ ಬರುತ್ತದೆ. ಅಲ್ಲಿ ಸಿರಿಸಂಪದ ಎಂಬ ಹೊಸ ಬಟ್ಟೆ ಅಂಗಡಿ, ಮೂರು ಅಂತಸ್ತಿನದು. ಕೆಳಗಿನ ಅಂತಸ್ತಿನಲ್ಲಿ ಬಿಳಿ ಗಾದಿ ಹಾಸಿದ್ದರು. ಗಿರಾಕಿಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ಅದರ ಮೇಲೆ ಕೂರುತ್ತಿದ್ದರು. ನಮ್ಮನ್ನು ಮೂರು ಮೂಲೆಯಾಗಿ ಮಡಚಿ, ಸಮೋಸಗಳ ಹಾಗೆ ಸಾಲಾಗಿ ಜೋಡಿಸಿದರು. ಬಾಗಿಲಿನಲ್ಲಿ ಹುಸೇನಸಾಬ ಎಂಬ ಕಾವಲುಗಾರ ನಿಲ್ಲುತ್ತಿದ್ದ. ಒಳಗೆ ಬರುವವರಿಗೆ ಕೈ ಮುಗಿಯುವುದು, ಹೊರಗೆ ಹೋಗುವವರ ಚೀಲ ನೋಡುವುದು, ಎರಡೂ ಅವನ ಕೆಲಸ.

ಶ್ರಾವಣದ ಒಂದು ಶುಕ್ರವಾರ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಇಂದುಮತಿ ಅಕ್ಕೋರು ಬಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಇವರು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಬೆಳ್ಳಿ ಚೌಕಟ್ಟಿನ ಕನ್ನಡಕ, ನೆಟ್ಟಗಿನ ಬೆನ್ನು. ಹಿಂದೆ ಅವರ ಸೊಸೆ ದಾಕ್ಷಾಯಿಣಿ, ಸೊಂಟದ ಮೇಲೆ ಮಗಳು ತನುಜಾ. ಮಗು ಎತ್ತಿಕೊಂಡಿದ್ದರಿಂದ ಸೊಸೆಯ ಬಟ್ಟೆಯ ಚೀಲವನ್ನು ಅತ್ತೆಯೇ ಹಿಡಿದಿದ್ದರು.

ಬಂಧುಗಳ ಮನೆಯಲ್ಲಿ ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆ ಖಣ ಬೇಕಾಗಿತ್ತು. ಅಕ್ಕೋರು ನಮ್ಮ ಸಾಲನ್ನೆಲ್ಲ ಬಿಚ್ಚಿಸಿದರು. ಎರಡನ್ನು ಆರಿಸಿ ಬದಿಗಿಟ್ಟರು. ನನ್ನನ್ನು ಎತ್ತಿ ಬೆಳಕಿಗೆ ಹಿಡಿದರು, ಇಟ್ಟರು, ಮತ್ತೆ ಎತ್ತಿದರು. ಬೆಲೆ ಹೆಚ್ಚಾಯಿತೆಂದರು. ಮಾರುವ ಹುಡುಗಿಗೆ ಅಂದು ಬೆಳಗಿನಿಂದ ನೀರು ಕುಡಿಯಲೂ ಪುರುಸೊತ್ತು ಸಿಕ್ಕಿರಲಿಲ್ಲ.

"ಬ್ಯಾಡಾದ್ರ ಇಡ್ರಿ ಅಜ್ಜಿ. ಸುಮ್ನ ಎಲ್ಲಾನೂ ಮುಟ್ಟಿ ಮುಟ್ಟಿ ಹೊಲಸ ಮಾಡಬ್ಯಾಡ್ರಿ" ಎಂದಳು.

ಸುತ್ತಲಿದ್ದ ಹೆಂಗಸರು ತಿರುಗಿ ನೋಡಿದರು. ಅಕ್ಕೋರ ಕೈ ನನ್ನ ಮೇಲೆಯೇ ಇತ್ತು, ಬೆರಳುಗಳು ತಣ್ಣಗಾದವು. ಒಂದು ಕಾಲಕ್ಕೆ ಈ ಊರಿನ ಅರ್ಧ ಹೆಣ್ಣುಮಕ್ಕಳು ಅವರು ಬಂದರೆ ಎದ್ದು ನಿಲ್ಲುತ್ತಿದ್ದರು. ಈಗ ಒಬ್ಬ ಹುಡುಗಿ ಅಜ್ಜಿ ಎಂದಳು, ಹೊಲಸು ಎಂದಳು. ಹುಡುಗಿ ಬೇರೆ ಗಿರಾಕಿಯ ಕಡೆ ತಿರುಗಿದಾಗ ನನ್ನನ್ನು ಮಡಚಿ, ಸೊಸೆಯ ಚೀಲದೊಳಗೆ, ಮಗುವಿನ ಟವೆಲ್ಲಿನ ಕೆಳಗೆ ಇಟ್ಟರು. ಮಕ್ಕಳಿಂದ ಕಸಿದುಕೊಂಡ ಗೋಲಿಯನ್ನು ಮೇಜಿನ ಖಾನೆಗೆ ಹಾಕುವಾಗ ಮಾಸ್ತರರ ಕೈ ಹೇಗಿರುತ್ತದೋ ಹಾಗಿತ್ತು ಅವರ ಕೈ. ದಾಕ್ಷಾಯಿಣಿ ಆಗ ದೂರದಲ್ಲಿ ಮಗುವಿಗೆ ಗೊಂಬೆಯ ಮೈಮೇಲಿನ ಸೀರೆ ತೋರಿಸುತ್ತಿದ್ದಳು. ಆ ಮೂಲೆಗೆ ಒಂದು ಕ್ಯಾಮೆರಾ ಇತ್ತು. ಹಬ್ಬಕ್ಕೆಂದು ಕಟ್ಟಿದ ಪ್ಲಾಸ್ಟಿಕ್ ತೋರಣ ಅದರ ಕಣ್ಣಿಗೆ ಅಡ್ಡ ಬಂದಿತ್ತು.

ಎರಡು ಖಣಗಳಿಗೆ ಬಿಲ್ ಮಾಡಿಸಿ ಇಬ್ಬರೂ ಬಾಗಿಲಿಗೆ ಬಂದರು. ಮಗುವನ್ನು ಕೆಳಗಿಳಿಸಿದ್ದ ಸೊಸೆಗೆ ಅಕ್ಕೋರು, "ಚೀಲ ಹಿಡಕೊ, ಚಪ್ಪಲಿ ಹಾಕ್ಕೋತೀನಿ" ಎಂದರು. ದಾಕ್ಷಾಯಿಣಿ ಹಿಡಿದುಕೊಂಡಳು. ಹುಸೇನಸಾಬ ಚೀಲ ನೋಡಿದ. ಟವೆಲ್ ಎತ್ತಿದ.

"ಇದರ ಬಿಲ್ ಎಲ್ಲೈತ್ರಿ ಅವ್ವಾರ?"

"ಇದು ನಮ್ದಲ್ರಿ" ಎಂದಳು ದಾಕ್ಷಾಯಿಣಿ. ಅವಳಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. "ನಾವು ತೊಗೊಂಡದ್ದು ಎರಡ. ಅತ್ತಿ, ನೀವ ಹೇಳ್ರಿ."

ಇಂದುಮತಿ ಅಕ್ಕೋರು ಚಪ್ಪಲಿ ಹಾಕಿಕೊಂಡು ಎದ್ದು ನಿಂತರು. ಆಗ ಅವರಿಗೆ ಒಂದು ಮಾತು ಹೇಳುವ ಅವಕಾಶವಿತ್ತು. ಕಣ್ಣು ತಪ್ಪಿ ಬಂತು ಎನ್ನಬಹುದಿತ್ತು, ಬಿಲ್ ಮಾಡಿಸುತ್ತೇನೆ ಎನ್ನಬಹುದಿತ್ತು. ಅಂಗಡಿಯಲ್ಲಿ ದಿನಾಲು ನಾಲ್ಕು ಮಂದಿ ಹಾಗೆ ಹೇಳಿ ಹೋಗುತ್ತಿದ್ದರು. ಆದರೆ ಸುತ್ತ ಜನ ಸೇರಿದ್ದರು. ಅಜ್ಜಿ ಎಂದ ಹುಡುಗಿಯೂ ಕತ್ತು ಚಾಚಿ ನೋಡುತ್ತಿದ್ದಳು.

"ದಾಕ್ಷಾಯಿಣಿ, ಏನವಾ ಇದು?" ಎಂದರು ಅಕ್ಕೋರು.

ತರಗತಿಯಲ್ಲಿ ತಪ್ಪು ಮಾಡಿದ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸುವ ದನಿ ಅದು. ಆ ದನಿಗೆ ಎದುರಾಡಿ ದಾಕ್ಷಾಯಿಣಿಗೆ ಅಭ್ಯಾಸವಿರಲಿಲ್ಲ.

ಮ್ಯಾನೇಜರ್ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿದ. ಈ ತಿಂಗಳು ಬಹಳ ಮಾಲು ಹೋಗಿದೆ, ಮಾಲೀಕರು ತನ್ನ ಮೇಲೆ ಸಿಟ್ಟಾಗಿದ್ದಾರೆ ಎಂದ. "ಒಬ್ಬರ ಮ್ಯಾಲರೆ ಕೇಸ್ ಆದ್ರ ಉಳಿದವ್ರಿಗೆ ಬುದ್ಧಿ ಬರ್ತೈತ್ರಿ" ಎಂದ. ದಾಕ್ಷಾಯಿಣಿ ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದರು.

ಪೊಲೀಸ್ ಠಾಣೆಯಲ್ಲಿ ನನ್ನನ್ನು ಒಂದು ಮೇಜಿನ ಮೇಲೆ ಹರವಿದರು. ಉದ್ದ ಅಗಲ ಅಳೆದರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು ಪಂಚನಾಮೆಗೆ ಸಹಿ ಹಾಕಿಸಿದರು. ಅಷ್ಟರಲ್ಲಿ ಅಕ್ಕೋರ ಮಗ, ದಾಕ್ಷಾಯಿಣಿಯ ಗಂಡ ಮಹಾಂತೇಶ ಬಂದ. ಅವನು ಊರಿನ ಕಾಲೇಜಿನಲ್ಲಿ ಉಪನ್ಯಾಸಕ. ಮೊದಲು ತಾಯಿಯೊಡನೆ ಅಂಗಳದಲ್ಲಿ ಮಾತಾಡಿ ಬಂದು, ಆಮೇಲೆ ಹೆಂಡತಿಯನ್ನು ನಾನಿದ್ದ ಮೇಜಿನ ಬದಿಗೆ ಕರೆದ.

"ಅವ್ವನ ಕೈ ತಪ್ಪಿ ಬಿದ್ದೈತಂತ. ಆಕಿಗೂ ನೆನಪಿಲ್ಲ" ಎಂದ ಮೆಲ್ಲಗೆ.

"ಹಂಗಂದ್ರ ಅದನ್ನ ಸಾಹೇಬ್ರ ಮುಂದ ಹೇಳ್ರಿ."

"ಹೆಂಗ ಹೇಳೂದು? ಊರಾಗ ಆಕಿಗೆ ಇರೂ ಹೆಸರೇನು? ಆದರ್ಶ ಶಿಕ್ಷಕಿ ಅಂತ ಶಾಲು ಹೊದಿಸ್ಯಾರ. ಪೆನ್ಷನ್‌ಗೂ ತ್ರಾಸ ಆಗಬಹುದು. ನೀ ಮನ್ಯಾಗ ಇರಾಕಿ, ನಿನ್ನ ಯಾರು ಕೇಳ್ತಾರ? ಮೊದಲನೇ ಸಲ ಅಂದ್ರ ಕೋರ್ಟಿನ್ಯಾಗ ಬೈದು ಬಿಡ್ತಾರಂತ. ಒಂದ ದಿನದ ಮಾತು."

ದಾಕ್ಷಾಯಿಣಿಯ ಬೆರಳು ನನ್ನ ದಡಿಯ ಮೇಲೆ ಓಡಾಡುತ್ತಿತ್ತು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು, ಅದೇ ಕೊನೆ. ಹವಾಲ್ದಾರ ಬಂದು, "ಮುಟ್ಟಬ್ಯಾಡ್ರಿ, ಅದು ಮುದ್ದೆಮಾಲು" ಎಂದ. ಕಳವಿನ ಕೇಸಿನಲ್ಲಿ ಸಿಕ್ಕ ವಸ್ತುವಿಗೆ ಆ ಹೆಸರು. ಬಿಳಿ ಬಟ್ಟೆಯಲ್ಲಿ ನನ್ನನ್ನು ಸುತ್ತಿ, ಹೊಲಿದು, ಅರಗು ಕಾಸಿ ಮೊಹರು ಒತ್ತಿದರು. ಬಿಸಿ ಅರಗಿನ ಒಂದು ಹನಿ ಬಟ್ಟೆ ದಾಟಿ ನನ್ನ ಮೈಗೂ ಅಂಟಿತು.

ಅಲ್ಲಿಂದ ಕೋರ್ಟಿನ ಮುದ್ದೆಮಾಲು ಕೋಣೆಗೆ ಬಂದೆ. ಕುಡಗೋಲು, ಮುರಿದ ಸೈಕಲ್ಲು, ತಾಮ್ರದ ಹಂಡೆ, ಯಾರದೋ ರಕ್ತ ಹತ್ತಿದ ಅಂಗಿ, ಎಲ್ಲರೂ ಚೀಟಿ ಕಟ್ಟಿಸಿಕೊಂಡು ಕುಳಿತಿದ್ದರು. ಕೋಣೆಯ ಕಿಟಕಿಗೆ ಸರಳು ಮಾತ್ರ, ಬಾಗಿಲಿರಲಿಲ್ಲ. ಕಿಟಕಿಯ ಹೊರಗೆ ಜಗಲಿ, ಕಕ್ಷಿದಾರರು ಕೂರುವ ಕಲ್ಲುಕಟ್ಟೆ. ಅಲ್ಲಿ ಆಡಿದ ಮಾತೆಲ್ಲ ನನಗೆ ಕೇಳಿಸುತ್ತಿತ್ತು.

ದಾಕ್ಷಾಯಿಣಿಗೆ ಜಾಮೀನು ಸಿಕ್ಕಿತ್ತು. ಪೊಲೀಸರು ದೋಷಾರೋಪಣೆ ಸಲ್ಲಿಸಿದ ಮೇಲೆ ಅವಳಿಗೆ ಸಮನ್ಸು ಹೋಯಿತು. ಆ ಬೆಳಿಗ್ಗೆ ಅವಳು ಗಂಡನ ಜೊತೆ ಬಂದು ಕಟ್ಟೆಯ ಮೇಲೆ ಕುಳಿತಳು. ಮಹಾಂತೇಶ ಗೊತ್ತುಮಾಡಿದ್ದ ಜಮಖಂಡಿ ವಕೀಲರು, ವಯಸ್ಸಾದವರು, ಕೆಮ್ಮುತ್ತ ಬಂದರು.

"ಹೆದರಬ್ಯಾಡವಾ" ಎಂದರು. "ಏನೇನ ಆಗ್ತೈತಿ ಅಂತ ಮೊದಲ ಹೇಳ್ತೀನಿ. ಪ್ಯೂನ್ ನಿನ್ನ ಹೆಸರು ಕೂಗ್ತಾನ. ಒಳಗ ಹೋಗಿ ಕಟಕಟೆಯೊಳಗ ನಿಂದರಬೇಕು, ಕೈ ಕಟ್ಟಬ್ಯಾಡ, ತಲಿ ತಗ್ಗಸಬ್ಯಾಡ. ಸಾಹೇಬ್ರು ನಿನ್ನ ಮ್ಯಾಲಿನ ಆರೋಪ ಓದಿ ಹೇಳ್ತಾರ. ಆಮ್ಯಾಲ ಕೇಳ್ತಾರ, ತಪ್ಪು ಒಪ್ಪಕೋತಿಯೇನು ಅಂತ. ಹೌದು ಅಂದಿ ಅಂದ್ರ, ನಾನು ಎದ್ದು, ಮೊದಲನೇ ತಪ್ಪು ಐತಿ, ಸಣ್ಣ ಕೂಸಿನ ತಾಯಿ ಅದಾಳ, ಬುದ್ಧಿ ಹೇಳಿ ಬಿಡ್ರಿ ಅಂತ ಕೇಳ್ಕೋತೀನಿ. ಕಾಯದೆದಾಗ ಅದಕ್ಕ ದಾರಿ ಐತಿ. ಇವತ್ತ ಮನಿಗೆ ಹೋಗಬಹುದು."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ಸಾಕ್ಷಿ ಆಗಬೇಕು. ತಾರೀಖ ಮ್ಯಾಲ ತಾರೀಖ. ಸಾಹೇಬ್ರು ರಜಾ, ಸಾಕ್ಷಿ ಬರಲಿಲ್ಲ, ವಕೀಲರ ಸ್ಟ್ರೈಕ್. ವರ್ಷಗಟ್ಲೆ ಅಲೀಬೇಕು. ಅಂಗಡಿಯವ್ರನ್ನ ರಾಜಿಗೆ ಕೇಳಿ ನೋಡೀನಿ, ಒಪ್ಪವಲ್ರು."

ದಾಕ್ಷಾಯಿಣಿ ಕೇಳಿದಳು: "ಹೌದು ಅಂದ್ರ ಕಾಗದದಾಗ ಏನಂತ ಬರೀತಾರ್ರಿ?"

ವಕೀಲರು ಕೆಮ್ಮಿದರು. "ಕಳವು ಮಾಡಿದ್ದು ಖರೇ ಅಂತ. ಆದ್ರ ಶಿಕ್ಷಾ ಕೊಡಲಾರದ ಬಿಟ್ಟೀವಿ ಅಂತ."

"ಖರೇ ಅಂತ ಬರೀತಾರ."

"ಯಾರು ಓದ್ತಾರ ಅದನ್ನ? ಆ ಕಾಗದ ಗೆದ್ದಲ ತಿಂದು ಹೋಗ್ತೈತಿ" ಎಂದ ಮಹಾಂತೇಶ. "ವಿಚಾರ ಮಾಡಿ ಮಾತಾಡು. ಒಂದ ಶಬ್ದ. ಹೌದು ಅಂದು ಬಾ, ಹೋಗೂಣು."

ಹೆಸರು ಕೂಗಿದರು. ಅವಳು ಒಳಗೆ ಹೋದಳು. ಜಗಲಿಗೆ ತೆರೆದುಕೊಂಡ ದೊಡ್ಡ ಬಾಗಿಲಿನಿಂದ ಕೋರ್ಟಿನ ಮಾತು ನನ್ನ ಕೋಣೆಯವರೆಗೂ ಬರುತ್ತಿತ್ತು. ನ್ಯಾಯಾಧೀಶರು ಆರೋಪ ಓದಿದರು. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು. ಜಮಖಂಡಿಯವರು ಕೆಮ್ಮಿ ನೆನಪು ಮಾಡಿದರು.

"ಇಲ್ರಿ" ಎಂದಳು ದಾಕ್ಷಾಯಿಣಿ. "ನಾ ತೊಗೊಂಡಿಲ್ರಿ."

ಅವಳು ಹೊರಗೆ ಬಂದಾಗ ಮಹಾಂತೇಶ ಮೋಟರ್ ಸೈಕಲ್ ಹತ್ತಿ ಹೋಗಿಬಿಟ್ಟಿದ್ದ. ವಕೀಲರು ಅವಳಿಗೆ ಆಟೋ ಕರೆದರು. ಎಲ್ಲಿಗೆ ಎಂದು ಆಟೋದವನು ಕೇಳಿದ. ಅವಳಿಗೆ ಹೇಳಲು ಸ್ವಲ್ಪ ತಡವಾಯಿತು.

ಮುಂದಿನ ತಾರೀಖಿಗೆ ಅವಳು ತವರಿನಿಂದ ಬಂದಳು, ತಾಯಿಯ ಜೊತೆ. ಗಂಡನ ಮನೆಯಲ್ಲಿ ಇಂದುಮತಿ ಅಕ್ಕೋರು ಬಾಗಿಲಲ್ಲಿ ನಿಂತು, ಕೇಸು ಮುಗಿಯುವವರೆಗೆ ತವರಿನಲ್ಲಿ ಇದ್ದರೆ ಎಲ್ಲರಿಗೂ ಒಳ್ಳೆಯದು ಎಂದು ಹೇಳಿದ್ದರಂತೆ. ಬೈದಿರಲಿಲ್ಲ, ಕೂಗಾಡಿರಲಿಲ್ಲ. ಮಗುವನ್ನು ಮಾತ್ರ ಕೊಡಲಿಲ್ಲ. "ಶಾಲಿಗೆ ಹಾಕೀವಿ, ಕಳ್ಳಿ ಮಗಳು ಅನಿಸ್ಕೊಂಡು ಬೆಳೀಬಾರದಲ್ಲ" ಎಂದರಂತೆ. ದಾಕ್ಷಾಯಿಣಿಯ ತಾಯಿ ಇದನ್ನೆಲ್ಲ ವಕೀಲರಿಗೆ ಹೇಳಿ ಕಟ್ಟೆಯ ಮೇಲೆ ಕುಳಿತು ಅತ್ತಳು. ಮಗಳು ಅಳಲಿಲ್ಲ. ಶಾಲೆ ಬಿಡುವ ಹೊತ್ತಿಗೆ ತಾನು ಹೋಗಿ ಗೇಟಿನ ಹೊರಗೆ ನಿಲ್ಲುತ್ತೇನೆ, ಮಗುವನ್ನು ದೂರದಿಂದ ನೋಡಿ ಬರುತ್ತೇನೆ ಎಂದಷ್ಟೇ ಹೇಳಿದಳು.

"ಕೂಸಿಗೆ ಬ್ಯಾರೆ ಅರ್ಜಿ ಹಾಕೂಣೇನು?" ಎಂದು ವಕೀಲರು ಕೇಳಿದರು.

"ಈ ಕೇಸ್ ತಲಿ ಮ್ಯಾಲ ಇಟಗೊಂಡು ಕೇಳಿದ್ರ ನನಗ ಕೊಡ್ತಾರೇನ್ರಿ?"

ವಕೀಲರು ಮಾತು ಬದಲಿಸಿದರು.

ತಾರೀಖುಗಳು ಬಂದವು, ಹೋದವು. ಎರಡು ಬೇಸಿಗೆ ಕಳೆದವು. ಒಂದು ಸಲ ನ್ಯಾಯಾಧೀಶರು ವರ್ಗವಾದರು. ಹೊಸಬರು, ಒಬ್ಬ ಹೆಣ್ಣುಮಗಳು, ಬಂದರು. ಕೊನೆಗೆ ಒಂದು ದಿನ ನನ್ನನ್ನು ಕೋರ್ಟಿನೊಳಗೆ ಒಯ್ದರು. ಮೊಹರು ಒಡೆದು, ಹೊಲಿಗೆ ಬಿಚ್ಚಿ, ಮೇಜಿನ ಮೇಲೆ ಹರವಿದರು. ಮಡಿಕೆಗಳಲ್ಲಿ ನನ್ನ ಬಣ್ಣ ಹೋಗಿತ್ತು. ಅರಗಿನ ಕಲೆ ಎದ್ದು ಕಾಣುತ್ತಿತ್ತು.

"ಇದೇ ಖಣವೇನು?" ಎಂದು ಸರಕಾರಿ ವಕೀಲರು ಮ್ಯಾನೇಜರನನ್ನು ಕೇಳಿದರು. ಅವನು ನನ್ನನ್ನು ಸರಿಯಾಗಿ ನೋಡದೆ ಹೌದೆಂದ. ಪಂಚರಲ್ಲಿ ಒಬ್ಬ, ತನಗೆ ಏನೂ ಗೊತ್ತಿಲ್ಲ, ಸಹಿ ಮಾಡೆಂದರು ಮಾಡಿದೆ ಎಂದ. ಇನ್ನೊಬ್ಬ ಊರು ಬಿಟ್ಟಿದ್ದ. ಹೊಸ ನ್ಯಾಯಾಧೀಶರು ನನ್ನ ಒಂದು ತುದಿಯನ್ನು ಎತ್ತಿ ನೋಡಿ, "ಇಷ್ಟಕ್ಕೆ ಇಷ್ಟು ವರ್ಷವೇ? ಇದನ್ನು ಯಾರಾದರೂ ಕದಿಯುತ್ತಾರೆಯೇ?" ಎಂದರು. ಆ ಪ್ರಶ್ನೆ ಯಾವ ದಾಖಲೆಯಲ್ಲಿಯೂ ಬರಲಿಲ್ಲ.

ಆಮೇಲೆ ಹುಸೇನಸಾಬ ಸಾಕ್ಷಿಕಟ್ಟೆ ಹತ್ತಿದ. ಸರಕಾರಿ ವಕೀಲರು ಕೇಳಿದ್ದಕ್ಕೆಲ್ಲ ಹೌದು ಎಂದ. ಚೀಲ ಈಕೆಯ ಕೈಯಲ್ಲಿತ್ತು, ಖಣ ಚೀಲದಲ್ಲಿತ್ತು. ಜಮಖಂಡಿಯವರು ಎದ್ದರು.

"ಇವ್ರು ಅಂಗಡಿಯೊಳಗ ಬರೂ ಮುಂದ ಚೀಲ ಯಾರ ಕೈಯಾಗ ಇತ್ತು?"

"ಹಿರೇ ಅಕ್ಕೋರ ಕೈಯಾಗ ಇತ್ರಿ. ಈ ತಂಗಿ ಕೂಸಿನ್ನ ಎತಗೊಂಡಿದ್ಲು."

"ಬಾಗಲಾ ತನಕಾ ಯಾರು ಹಿಡದಿದ್ರು?"

"ಅಕ್ಕೋರ ಹಿಡದಿದ್ರು. ಚಪ್ಪಲಿ ಹಾಕ್ಕೊಳ್ಳು ಮುಂದ ಈಕಿ ಕೈಯಾಗ ಕೊಟ್ರು. ಆಮ್ಯಾಲ ನಾ ನೋಡಿದ್ನಿ."

"ಇದನ್ನ ಪೊಲೀಸರ ಮುಂದ ಯಾಕ ಹೇಳಲಿಲ್ಲ?"

ಹುಸೇನಸಾಬ ತುಸು ತಲೆ ಕೆರೆದುಕೊಂಡ. "ಯಾರೂ ಕೇಳಲಿಲ್ರಿ."

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ಕಟಕಟೆಯಲ್ಲಿ ನಿಂತ ದಾಕ್ಷಾಯಿಣಿ ಕಣ್ಣು ಮುಚ್ಚಿಕೊಂಡಳು. ಅಷ್ಟು ದಿನ ಮನೆಯವರು ಮುಚ್ಚಿಟ್ಟಿದ್ದ ಸಂಗತಿ ಹೊರಗಿನವನ ಬಾಯಿಂದ ಬಂದಿತ್ತು.

ಮುಂದಿನ ತಾರೀಖಿಗೆ ಆರೋಪಿಯ ಹೇಳಿಕೆ. ಸಾಕ್ಷಿಗಳು ಹೇಳಿದ್ದಕ್ಕೆ ಆರೋಪಿ ಏನು ಹೇಳುತ್ತಾಳೆ ಎಂದು ನ್ಯಾಯಾಧೀಶರೇ ಕೇಳುವ ದಿನ. ವಕೀಲರು ಅವಳಿಗೆ ಮೊದಲೇ ಹೇಳಿದ್ದರು: "ಅತ್ತಿ ಹೆಸರ ಸ್ಪಷ್ಟ ಹೇಳಿಬಿಡು. ಹುಸೇನಸಾಬ ಅರ್ಧಾ ಹೇಳ್ಯಾನ, ಉಳದದ್ದು ನೀ ಹೇಳು. ತಲಿ ಎತ್ತಿ ಹೊರಗ ಬರ್ತಿ."

ಅವಳು ಸಿದ್ಧಳಾಗಿಯೇ ಬಂದಿದ್ದಳು. ಆದರೆ ಕಟ್ಟೆಯ ಮೇಲೆ ಮಹಾಂತೇಶ ಕುಳಿತಿದ್ದ. ಬಹಳ ದಿನಗಳ ಮೇಲೆ ಬಂದಿದ್ದ. ಹೆಂಡತಿಗೆ ಜಾಗ ಬಿಟ್ಟು ಸರಿದ.

"ಹುಸೇನಸಾಬ್ರು ಹೇಳಿದ್ದು ಗೊತ್ತಾತೇನ್ರಿ?" ಎಂದಳು ಅವಳು.

"ಗೊತ್ತಾತು."

"ನಿಮಗ ಮೊದಲ ಗೊತ್ತಿತ್ತು."

"ಗೊತ್ತಿತ್ತು" ಎಂದ. ಆಮೇಲೆ ನೆಲ ನೋಡುತ್ತ ಹೇಳಿದ: "ಅವ್ವನ ಹೆಸರ ನಿನ್ನ ಬಾಯಾಗ ಬರಬಾರದು. ಬಂತಂದ್ರ ನಾ ಏನೂ ಮಾಡಾಕಾಗೂದಿಲ್ಲ. ಬರಲಿಲ್ಲಂದ್ರ, ತೀರ್ಪಿನ ದಿನ ತನುಜಾನ್ನ ಕರಕೊಂಡ ಬರ್ತೀನಿ. ಮನಿಗೆ ಹೋಗೂಣು. ಕೂಸು ದಿನಾ ನಿನ್ನ ಕೇಳ್ತೈತಿ."

"ಏನಂತ ಕೇಳ್ತೈತಿ?"

ಅವನು ಎದ್ದು ಕಟ್ಟೆಯಿಂದ ಇಳಿದ.

ನ್ಯಾಯಾಧೀಶರು ಸಾಕ್ಷಿಗಳು ಹೇಳಿದ್ದನ್ನು ಒಂದೊಂದಾಗಿ ಓದಿ ಕೇಳಿದರು. ಕೊನೆಗೆ, "ಈ ಖಣ ನಿಮ್ಮ ಚೀಲದೊಳಗೆ ಹೇಗೆ ಬಂತು? ನಿಮಗೆ ಗೊತ್ತಿದ್ದರೆ ಹೇಳಿ, ಹೆದರಬೇಡಿ" ಎಂದರು. ಆ ದನಿಯಲ್ಲಿ ಕರುಣೆಯಿತ್ತು. ನಾನು ಮೇಜಿನ ಮೇಲೆಯೇ ಬಿದ್ದಿದ್ದೆ. ಎಲ್ಲರೂ ನನ್ನನ್ನು ತೋರಿಸುತ್ತಿದ್ದರು, ಯಾರೂ ನನ್ನನ್ನು ಕೇಳುವಂತಿರಲಿಲ್ಲ.

"ನಾ ತೊಗೊಂಡಿಲ್ರಿ" ಎಂದಳು ದಾಕ್ಷಾಯಿಣಿ. "ಅಷ್ಟ ನನಗ ಗೊತ್ತು."

ಜಮಖಂಡಿಯವರು ಕೈಯಲ್ಲಿದ್ದ ಕಡತ ಮುಚ್ಚಿ ಕುಳಿತರು.

ತೀರ್ಪಿನ ದಿನ ಮಹಾಂತೇಶ ಮಾತು ಉಳಿಸಿಕೊಂಡ. ಬಾಡಿಗೆ ಕಾರು ಮಾಡಿಕೊಂಡು ಬಂದ. ಮಗಳನ್ನು ಕರೆತಂದಿದ್ದ; ತಾಯಿಯನ್ನೂ ಕರೆತಂದಿದ್ದ. ತನುಜಾ ಶಾಲೆಯ ಸಮವಸ್ತ್ರದಲ್ಲಿ, ಎರಡು ಜಡೆ ಹಾಕಿಸಿಕೊಂಡು, ಅಜ್ಜಿಯ ಕೈ ಹಿಡಿದು ನಿಂತಿದ್ದಳು. ಉದ್ದ ಬೆಳೆದಿದ್ದಳು.

ತೀರ್ಪು ಚಿಕ್ಕದಾಗಿತ್ತು. ಕಳವನ್ನು ಈಕೆಯೇ ಮಾಡಿದಳು ಎಂಬುದು ಸಂಶಯಾತೀತವಾಗಿ ಸಾಬೀತಾಗಿಲ್ಲ. ಆದ್ದರಿಂದ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಲಾಗಿದೆ. ಮುದ್ದೆಮಾಲನ್ನು ಮೇಲ್ಮನವಿಯ ಅವಧಿ ಕಳೆದ ಮೇಲೆ ಅಂಗಡಿಯವರಿಗೆ ಹಿಂದಿರುಗಿಸತಕ್ಕದ್ದು. ಪ್ಯೂನ್ ಮುಂದಿನ ಹೆಸರು ಕೂಗಿದ.

ನನ್ನನ್ನು ಕೋಣೆಗೆ ತಂದವನು ಬೀಗ ತೆಗೆಯಲು ಕಿಟಕಿಯ ಕಟ್ಟೆಯ ಮೇಲೆ ನನ್ನನ್ನು ಇಟ್ಟ. ಹಾಗಾಗಿ ಹೊರಗೆ ನಡೆದದ್ದನ್ನು ಕಣ್ಣಾರೆ ಕಂಡೆ.

ವಕೀಲರು, "ಗೆದ್ದೆವಲ್ಲವಾ" ಎಂದರು. ದಾಕ್ಷಾಯಿಣಿ ಅವರಿಗೆ ಕೈ ಮುಗಿದಳು. ಇಂದುಮತಿ ಅಕ್ಕೋರು ಮುಂದೆ ಬಂದರು. ಕನ್ನಡಕ ಅದೇ, ಬೆನ್ನು ಅಷ್ಟೇ ನೆಟ್ಟಗೆ.

"ಬಿಟ್ರಲ್ಲ, ಚಲೋ ಆತು" ಎಂದರು. "ಇನ್ನ ನಡಿ ಮನಿಗೆ. ಹಿಂದಿಂದು ಯಾರೂ ಎತ್ತಬಾರದು ಅಂತ ಎಲ್ಲಾರಿಗೂ ಹೇಳೀನಿ. ಸಣ್ಣಾಕಿ, ಏನೋ ಒಂದು ಘಳಿಗಿ ತಪ್ಪೇತಿ, ನಾ ಕ್ಷಮಾ ಮಾಡೀನಿ ಅಂತನೂ ಹೇಳೀನಿ."

ಮಾತಿನಲ್ಲಿ ನಟನೆ ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಅಷ್ಟು ದಿನ ಊರಿಗೆಲ್ಲ ಹೇಳಿ ಹೇಳಿ, ಅವರು ಅದನ್ನು ತಾವೇ ನಂಬಿಬಿಟ್ಟಿದ್ದರು. ನನ್ನನ್ನು ಚೀಲಕ್ಕೆ ಹಾಕಿದ ಕೈಯಿಂದಲೇ ಅವರು ಸೊಸೆಯ ಭುಜ ತಟ್ಟಿದರು.

ದಾಕ್ಷಾಯಿಣಿಯ ಮುಖದಲ್ಲಿ ರಕ್ತ ಏರಿತು. ಬಾಯಿ ತೆರೆದಳು. ಮಹಾಂತೇಶ ಒಂದು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ತನುಜಾ ಅಜ್ಜಿಯ ಕೈ ಬಿಟ್ಟು ತಾಯಿಯ ಹತ್ತಿರ ಬಂದು, ಸೆರಗು ಹಿಡಿದು ಜಗ್ಗಿದಳು. ತಾಯಿ ಕೆಳಗೆ ಕುಳಿತಳು.

"ಅವ್ವಾ" ಎಂದಳು ಮಗು, ಯಾರಿಗೂ ಕೇಳಿಸಬಾರದೆಂದು ಕಿವಿಯ ಹತ್ತಿರ ಬಾಯಿಟ್ಟು. "ಇನ್ನ ಮ್ಯಾಲ ತೊಗೊಳ್ಳೂದಿಲ್ಲ ಹೌದಲ್ಲ?"

ಎಲ್ಲರಿಗೂ ಕೇಳಿಸಿತು.

"ನಾ ಯಾವತ್ತೂ ತೊಗೊಂಡಿಲ್ಲ ತಂಗಿ" ಎಂದಳು ದಾಕ್ಷಾಯಿಣಿ.

ಮಗು ತಿರುಗಿ ಅಜ್ಜಿಯ ಮುಖ ನೋಡಿತು, ಇದು ನಿಜವೇ ಎಂದು ತಿಳಿಯಲು. ಅಜ್ಜಿ ಮುಗುಳ್ನಕ್ಕು ತಲೆಯಾಡಿಸಿದರು. ಹೌದೆಂದೋ, ಹೋಗಲಿ ಬಿಡೆಂದೋ ತಿಳಿಯುವಂತಿರಲಿಲ್ಲ. ಮಗುವಿಗೆ ಅದು ಸಾಕಾಯಿತು. ಅಕ್ಕೋರು ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು. ದಾಕ್ಷಾಯಿಣಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದೆ ಕುಳಿತಳು.

ಮೇಲ್ಮನವಿ ಬರಲಿಲ್ಲ. ಅಂಗಡಿಗೆ ಕೋರ್ಟಿನಿಂದ ನೋಟೀಸು ಹೋಯಿತು, ಅವರೂ ಬರಲಿಲ್ಲ. ಕಲೆಯಾದ, ಬಣ್ಣ ಹೋದ ಖಣವನ್ನು ಒಯ್ದು ಅವರಾದರೂ ಏನು ಮಾಡಿಯಾರು? ಈಗ ನಾನು ಕೋಣೆಯ ಮೂಲೆಯಲ್ಲಿ, ತಾಮ್ರದ ಹಂಡೆಯ ಹಿಂದೆ ಇದ್ದೇನೆ. ಇಲಿಗಳು ಒಂದು ಬದಿಯ ದಡಿಯನ್ನು ತಿಂದಿವೆ. ನನ್ನನ್ನು ಯಾವ ಮೈಗೂ ಹೊಲಿಯಲಿಲ್ಲ, ಯಾವ ಉಡಿಗೂ ಹಾಕಲಿಲ್ಲ. ವ್ಯಥೆ ಅದಕ್ಕಲ್ಲ. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಂದಿಗೂ ದಿನಾಲು ಯಾರಾದರೊಬ್ಬರು ಬಂದು ಕೂರುತ್ತಾರೆ. ಮೊದಲನೇ ಸಲ, ಹೆದರಬೇಡಿ, ಒಂದೇ ದಿನದ ಮಾತು ಎಂದು ಪಕ್ಕದವರು ಅವರಿಗೆ ಸಮಾಧಾನ ಹೇಳುತ್ತಾರೆ. ಕೋರ್ಟಿನಲ್ಲಿ ಏನಾಗುತ್ತದೆ ಎಂದು ಹೇಳಿಕೊಡಲು ಇಲ್ಲಿ ಬಹಳ ಮಂದಿ ಇದ್ದಾರೆ. ಕೋರ್ಟಿನಿಂದ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂದು ಹೇಳಿದವರನ್ನು ನಾನು ಕಾಣೆ.

ಹೋದ ವಾರ ಹುಸೇನಸಾಬ ಬೇರೊಂದು ಕೆಲಸಕ್ಕೆ ಕೋರ್ಟಿಗೆ ಬಂದಿದ್ದ. ಬಟ್ಟೆ ಅಂಗಡಿ ಬಿಟ್ಟು ಈಗ ಒಂದು ಕಿರಾಣಿ ಬಜಾರದ ಬಾಗಿಲಲ್ಲಿ ನಿಲ್ಲುತ್ತಾನಂತೆ. ಕಟ್ಟೆಯ ಮೇಲೆ ಜಮಖಂಡಿಯವರ ಪಕ್ಕ ಕುಳಿತು ಸುದ್ದಿ ಹೇಳಿದ.

"ಆ ತಂಗಿ ತಿಂಗಳಾ ನಮ್ಮ ಬಜಾರಕ್ಕ ಬರ್ತಾಳ್ರಿ, ಸಂತಿ ಸಾಮಾನು ಒಯ್ಯಾಕ. ಒಳಗ ಹೋಗೂ ಮುಂದ ಚೀಲಾ ನನ್ನ ಕೈಯಾಗ ಕೊಟ್ಟ ಹೋಗ್ತಾಳ. ಬ್ಯಾಡ್ರಿ ಅಂದ್ರೂ ಕೇಳೂದಿಲ್ಲ. ಹೊರಗ ಬರೂ ಮುಂದ ನಾ ಕೇಳಲಾರದನ ಎರಡೂ ಕೈ ಬಿಚ್ಚಿ ತೋರಸ್ತಾಳ."

ಜಮಖಂಡಿಯವರು ಕೆಮ್ಮಿದರು.

"ಜೋಡಿ ಆಕಿ ಕೂಸು ಬಂದಿರ್ತೈತಲ್ರಿ" ಎಂದ ಹುಸೇನಸಾಬ, "ಅದೂ ತೋರಸ್ತೈತ್ರಿ."